ಹಿಂಗಾರವೂ ಸ್ಪೇಡಿಕ್ಸೂ

ಪಿ.ಯು. ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾಗ ಪ್ರಾಯೋಗಿಕ ಪರೀಕ್ಷೆಯಲ್ಲಿ ನನ್ನ ಮುಂದೆ ಒಂದು ಹಿಂಗಾರವನ್ನಿಟ್ಟು, ‘ಇದು ಯಾವ ಬಗೆಯ ಪುಷ್ಪಮಂಜರಿ?’ ಎಂದು ಕೇಳಿದರು. ಭದ್ರಾವತಿಯ ಬಳಿಯ ಅಡಿಕೆ ತೋಟದಲ್ಲಿಯೇ ಬೆಳೆದವನು ನಾನು. ಆದರೂ ಬಾಯಿ ಬರಲಿಲ್ಲ. ‘ಸ್ಪೇಡಿಕ್ಸ್’ ಎನ್ನಬೇಕಿತ್ತಂತೆ! ‘ಹಿಂಗಾರ’ ಎಂದುದಕ್ಕೆ ಅಂಕ ಸಿಗಲಿಲ್ಲ. ಮರುವರ್ಷ ಶಿವಮೊಗ್ಗಕ್ಕೆ ಬಂದು ಕಲಾ ವಿಭಾಗಕ್ಕೆ ಸೇರಿದೆ.

ವಿದ್ಯಾರ್ಥಿ ಮಿತ್ರರೇ, ಅಂದು ನನಗೆ ತಿಳಿಯದಿದ್ದುದು ಹೆಸರು ಮಾತ್ರ, ವಸ್ತುವಲ್ಲ. ಹಾಳೆ ಕಳಚಿದ ಮೇಲೆ ಹೊಂಬಾಳೆ ಒಡೆದು ಹಿಂಗಾರ ಹೊರಬರುತ್ತದೆ. ಎಳೆಗಳ ಬುಡದಲ್ಲಿರುವ ಗುಂಡು ಮೊಗ್ಗುಗಳು ಹೆಣ್ಣು. ತುದಿಯವರೆಗೂ ಒತ್ತಾಗಿ ಕುಳಿತ ಅಕ್ಕಿಕಾಳಿನಂಥವು ಗಂಡು. ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ, ಹೆಣ್ಣು ಆಮೇಲೆ ಅರಳುತ್ತದೆ. ಆದ್ದರಿಂದ ಪರಾಗ ಬಹುಮಟ್ಟಿಗೆ ಬೇರೆ ಮರದಿಂದಲೇ ಬರಬೇಕು. ‘ಬುಡದ ಗುಂಡು ನಿಂತರೆ ಫಸಲು ಕಣೋ’ ಎಂದು ನಮ್ಮಜ್ಜಿ ಹೇಳುತ್ತಿದ್ದುದು ಸಸ್ಯಶಾಸ್ತ್ರವಲ್ಲದೆ ಮತ್ತೇನು?

ಭತ್ತಕ್ಕೆ ತೆನೆ, ಕಬ್ಬಿಗೆ ಸೂಲಂಗಿ, ಬಾಳೆಗೆ ಮೂತಿ ಎಂದು ನಮ್ಮ ರೈತರು ಬೇರೆ ಬೇರೆ ಹೆಸರಿಟ್ಟಿದ್ದಾರೆ. ಗಾಂಧಿ ಬಜಾರಿನಲ್ಲಿ ಒಂದು ಸೇವಂತಿಗೆ ಕೊಂಡವರಾದರೋ ಹೂಗಳ ಒಂದು ದೊಡ್ಡ ಸಭೆಯನ್ನೇ ಕೊಂಡಿರುತ್ತಾರೆ. ದಳವೆಂದು ನಾವು ಕೀಳುವ ಒಂದೊಂದೂ ಒಂದು ಹೂವು.

ಹಾಗೆಂದು ಇಂಗ್ಲಿಷ್ ಹೆಸರುಗಳೇ ಬೇಡವೆಂದು ನನ್ನ ವಾದವಲ್ಲ. ಕಕ್ಕೆಯ ಗೊಂಚಲಿನಲ್ಲಿ ಬುಡದ ಹೂ ಮೊದಲು ಅರಳುತ್ತದೆ, ತುದಿ ಬೆಳೆಯುತ್ತಲೇ ಇರುತ್ತದೆ. ದುಂಡುಮಲ್ಲಿಗೆಯ ಮೂರು ಮೊಗ್ಗಿನಲ್ಲಿ ನಡುವಿನದು ಮೊದಲು ಅರಳುತ್ತದೆ. ಕಡ್ಡಿಯ ಬೆಳವಣಿಗೆ ಅಲ್ಲಿಗೆ ನಿಂತಿತು. ಎರಡನ್ನೂ ‘ಗೊಂಚಲು’ ಎಂದುಬಿಟ್ಟರೆ ಈ ಭೇದ ಮರೆಯಾಗುತ್ತದೆ. ಇಲ್ಲಿ ‘ರೆಸೀಮ್’, ‘ಸೈಮ್’ ಎಂಬ ಮಾತುಗಳು ಬೇಕೇ ಬೇಕು. ಆದರೆ ಅವು ಗಿಡವನ್ನು ನೋಡಿದ ಮೇಲೆ ಬರಲಿ, ನೋಡುವುದಕ್ಕೆ ಮೊದಲೇ ಅಲ್ಲ.

ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಕಥೆಯಾದ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಸ್ಯಶಾಸ್ತ್ರದ ಪುಸ್ತಕವೊಂದು ಕಲಾ ವಿಭಾಗದ ನಮ್ಮಂಥವರ ಕೈಗೂ ಸೇರಿದುದು ಅದು ಕನ್ನಡದಲ್ಲಿ ನಗುನಗುತ್ತ ಮಾತನಾಡಿದ್ದರಿಂದ. ಅಧ್ಯಾಪಕ ಮಹಾಶಯರಲ್ಲಿ ನನ್ನ ಬಿನ್ನಹ ಇಷ್ಟೇ: ಪರೀಕ್ಷೆಯಲ್ಲಿ ಹುಡುಗನೊಬ್ಬ ‘ಹಿಂಗಾರ’ ಎಂದರೆ ಅರ್ಧ ಅಂಕವನ್ನಾದರೂ ಕೊಟ್ಟು, ‘ಇದರಲ್ಲಿ ಹೆಣ್ಣು ಹೂ ಯಾವುದಪ್ಪಾ?’ ಎಂದು ಕೇಳಿ ನೋಡಿ.