ಪತಂಗದ ಕಿವಿ

ಕಿವಿ ಇರಬೇಕಾದುದು ತಲೆಯ ಇಕ್ಕೆಲಗಳಲ್ಲಿ ಎಂಬುದು ಮನುಷ್ಯನ ಎಣಿಕೆ. ಪತಂಗಗಳ ಪ್ರಪಂಚದಲ್ಲಿ ಈ ಎಣಿಕೆ ನಡೆಯದು. ತೊಗರಿಯ ಕಾಯಿಕೊರಕ ಹುಳು ಬೆಳೆದು ಪತಂಗವಾದಾಗ ಅದರ ಕಿವಿ ಎದೆಯ ಹಿಂಭಾಗದಲ್ಲಿರುತ್ತದೆ. ಭತ್ತದ ಕಾಂಡಕೊರಕದ ಪತಂಗಕ್ಕೆ ಅದು ಹೊಟ್ಟೆಯ ಬುಡದಲ್ಲಿರುತ್ತದೆ. ಕೆಲವು ಪತಂಗಗಳು ಬಾಯಿಯ ಭಾಗಗಳಿಂದಲೇ ಕೇಳುತ್ತವೆ. ಮತ್ತೆ ಕೆಲವಕ್ಕೆ ಕಿವಿಯೇ ಇಲ್ಲ.

ಈ ಕಿವಿಯ ರಚನೆ ತೀರ ಸರಳ. ಗಾಳಿ ತುಂಬಿದ ಪೊಳ್ಳಿನ ಮೇಲೆ ಬಿಗಿದ ತೆಳುಪೊರೆ. ಅದಕ್ಕೆ ಅಂಟಿದ ಕೆಲವೇ ನರಕೋಶಗಳು. ಕಾಯಿಕೊರಕದ ಬಳಗದಲ್ಲಿ ಧ್ವನಿಯನ್ನು ಗ್ರಹಿಸುವ ಕೋಶಗಳು ಕಿವಿಯೊಂದಕ್ಕೆ ಎರಡೇ. ಆದರೂ ಮನುಷ್ಯನಿಗೆ ಕೇಳಿಸದ ಬಾವಲಿಯ ಕೂಗನ್ನು ಅದು ಗ್ರಹಿಸಬಲ್ಲುದು. ಕೂಗು ದೂರದಲ್ಲಿದ್ದರೆ ಪತಂಗ ದಿಕ್ಕು ಬದಲಿಸಿ ಹಾರುತ್ತದೆ. ಹತ್ತಿರವಾದರೆ ಸುತ್ತಿ ಸುಳಿದು ನೆಲಕ್ಕೆ ಬೀಳುತ್ತದೆ.

ರೆಕ್ಕೆಯ ಬಣ್ಣವನ್ನು ನೋಡಿ ಪತಂಗಗಳನ್ನು ವಿಂಗಡಿಸಿದರೆ ಸಾಲದೆ? ಸಾಲದು. ಮರದ ತೊಗಟೆಯ ಮೇಲೆ ಕೂರುವ ಪತಂಗಗಳು ನೆಂಟತನವಿಲ್ಲದಿದ್ದರೂ ಒಂದೇ ಬಗೆಯಾಗಿ ಕಾಣಬಹುದು. ಆದುದರಿಂದಲೇ ವಿಜ್ಞಾನಿಗಳು ಕಿವಿಯ ಸ್ಥಾನವನ್ನೂ ರಚನೆಯನ್ನೂ ವರ್ಗೀಕರಣಕ್ಕೆ ಆಧಾರವಾಗಿ ತೆಗೆದುಕೊಂಡರು. ಇಲ್ಲಿಯೂ ಎಚ್ಚರ ಬೇಕು. ಕಿವಿ ಇದ್ದ ಮಾತ್ರಕ್ಕೆ ಎರಡು ಪತಂಗಗಳು ಬಂಧುಗಳಾಗವು. ಬೇರೆ ಬೇರೆ ವಂಶಗಳಲ್ಲಿ ಕಿವಿ ಸ್ವತಂತ್ರವಾಗಿ ಹಲವು ಸಲ ಹುಟ್ಟಿದೆ. ಜಿಯೋಮೆಟ್ರಿಡ್ ಮತ್ತು ಡ್ರೆಪಾನಿಡ್ ಎಂಬ ಎರಡು ಕುಟುಂಬಗಳ ಕಿವಿಗಳು ಹೊಟ್ಟೆಯ ಬುಡದಲ್ಲಿಯೇ ಇವೆ. ಬಿಡಿಸಿ ನೋಡಿದರೆ ಅವುಗಳ ಒಳರಚನೆಯೇ ಬೇರೆ. ಒಮ್ಮೆ ಒಂದೇ ಗುಂಪಿನಲ್ಲಿ ಸೇರಿಸಿದ್ದ ಈ ಕುಟುಂಬಗಳನ್ನು ಮುಂದೆ ಬೇರ್ಪಡಿಸಬೇಕಾಯಿತು.

ಜೀನುಗಳ ಪರೀಕ್ಷೆಯಿಂದಲೇ ನೆಂಟತನ ತಿಳಿಯುವ ಈ ಕಾಲದಲ್ಲಿ ಸೂಕ್ಷ್ಮದರ್ಶಕದಡಿ ಕಿವಿಯನ್ನು ನೋಡುವ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಈ ವಾದ ಸರಿಯಲ್ಲ. ಜೀನು ವಂಶವನ್ನು ತಿಳಿಸುತ್ತದೆ; ಆ ವಂಶ ಬಾಳಿದ ಬಗೆಯನ್ನು ಅಂಗರಚನೆ ತಿಳಿಸುತ್ತದೆ. ಬಾವಲಿಯ ಭಯದಿಂದಲೇ ಪತಂಗಕ್ಕೆ ಕಿವಿ ಬಂದಿತೆಂದು ಬಹುಕಾಲ ನಂಬಲಾಗಿತ್ತು. ಜೀನುಗಳ ಆಧಾರದಿಂದ ರಚಿಸಿ 2019ರಲ್ಲಿ ಪ್ರಕಟಿಸಿದ ವಂಶಾವಳಿಯೊಡನೆ ಕಿವಿಯ ವಿವರಗಳನ್ನು ಹೋಲಿಸಿದಾಗ, ಹಲವು ಬಳಗಗಳಲ್ಲಿ ಬಾವಲಿಗಳಿಗಿಂತ ಮೊದಲೇ ಕಿವಿ ಹುಟ್ಟಿತ್ತೆಂದು ಕಂಡುಬಂದಿತು. ಎರಡು ಸಾಕ್ಷ್ಯಗಳೂ ಕೂಡಿದುದರಿಂದಲೇ ಹಳೆಯ ನಂಬಿಕೆಯನ್ನು ತಿದ್ದಲು ಸಾಧ್ಯವಾಯಿತು.

ವರ್ಗೀಕರಣವೆಂದರೆ ಹೆಸರುಗಳ ಕಂಠಪಾಠವೆಂದು ಬಗೆಯುವುದು ತಪ್ಪು. ಹೊರಗಿನ ಹೋಲಿಕೆಗೆ ಮರುಳಾಗದೆ ಒಳಗನ್ನು ನೋಡುವುದು, ಹೊಸ ಸಾಕ್ಷ್ಯ ದೊರೆತಾಗ ಹಳೆಯ ತೀರ್ಮಾನವನ್ನು ಬಿಡುವುದು ಅದು ಕಲಿಸುವ ಪಾಠ. ಎರಡು ನರಕೋಶಗಳ ಕಿವಿಯೂ ಈ ಪಾಠವನ್ನು ಹೇಳಬಲ್ಲುದು.