ಕುಂಕುಮ ಕೇಳದ ಟೀ

ಇಂಗ್ಲೆಂಡಿನ ದೊಡ್ಡ ಮನೆತನದ ಹೆಂಗಸ್ರು ಇಳಿಹೊತ್ನಾಗೆ ಗುಂಪು ಕೂಡಿ ಟೀ ಕುಡಿಯೋದು ಹೆಂಗೆ ಶುರುವಾಯ್ತು ಗೊತ್ತೇನ್ರಮ್ಮ? 1840ರ ಸುಮಾರಿನಾಗೆ ಬೆಡ್‌ಫರ್ಡ್ ಡ್ಯೂಕನ ಹೆಂಡ್ತಿ ಅನ್ನಾ ಅಂತ ಇದ್ಳು. ಅವ್ರ ಕಡೆ ರಾತ್ರಿ ಊಟ ಎಂಟು ಗಂಟೆ ಮ್ಯಾಲೇ. ಅಷ್ಟೊತ್ತು ಹಸಿವು ತಡಕೊಳ್ಳಾಕಾಗ್ದೆ ತನ್ನ ಕೋಣೆಗೇ ಟೀ, ಬ್ರೆಡ್ಡು, ಬೆಣ್ಣೆ ತರಿಸ್ಕಂಡ್ಳಂತೆ. ಆಮೇಲೆ ಗೆಳತೇರನ್ನೂ ಕರೆದ್ಳಂತೆ. ಟೀ ಮಾಡಿ ತಂದ ಕೆಲಸದಾಕಿ ಮಾತ್ರ ನಿಂತೇ ಇದ್ಳು ಅನ್ನಿ.

ನಮ್ ಚಳ್ಳಕೆರೆ, ಮೊಳಕಾಲ್ಮೂರು ಕಡೆ ನಾಕು ಗಂಟೆ ಟೀ ಜೊತೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದ್ರೆ ಅದೇ ಹಬ್ಬ. ಆದ್ರೆ ಅದು ಯಾರಿಗೆ? ಮೊಳಕಾಲ್ಮೂರಾಗೆ ಮಗ್ಗದ ಮನೆಗೆ ಹೋಗಿ ನೋಡ್ರಿ. ಕುಣಿಯಾಗೆ ಕಾಲು ಇಳಿಬಿಟ್ಕಂಡು ರೇಷ್ಮೆ ಸೀರೆ ನೇಯೋರಿಗೆ ಲೋಟ ಕುಂತಲ್ಲಿಗೇ ಹೋಗುತ್ತೆ. ಕಂಡಿಕೆ ಸುತ್ತೋ ಹೆಂಗಸು ಎದ್ದು, ಕಾಸಿ, ಸೋಸಿ, ಎಲ್ರಿಗೂ ಕೊಟ್ಟು, ತಳದಾಗೆ ಉಳಿದದ್ದನ್ನ ಆರಿದ ಮ್ಯಾಲೆ ನಿಂತ್ಕಂಡೇ ಕುಡೀತಾಳೆ. ಆಕಿನೂ ಬೆಳಗ್ಗಿಂದ ದುಡಿದಾಕೀನೇ.

ನಾನು ಹೇಳೋದು ಇನ್ನೊಂದು ಐತೆ. ಅರಿಶಿನ ಕುಂಕುಮಕ್ಕೆ ನಾವು ಬೀದಿನೆಲ್ಲಾ ಕರೀತೀವಿ, ಗಂಡನ್ನ ಕಳಕಂಡೋರ ಮನೆ ಬಾಗ್ಲು ಮಾತ್ರ ದಾಟ್ಕಂಡು ಹೋಗ್ತೀವಿ. ಹಾಡು ಹೇಳಾಕೆ, ಹೋಳಿಗೆ ಲಟ್ಟಿಸಾಕೆ ಅವ್ರೇ ಬೇಕು, ತಟ್ಟೆ ಹಿಡಿಯೋ ಹೊತ್ನಾಗೆ ಬ್ಯಾಡ. ಶಾಸ್ತ್ರ ಅಂತೀವಿ. ಸರಿ, ಟೀಗೆ ಯಾವ ಶಾಸ್ತ್ರ ಐತೆ? ಅದು ಬಂದಿದ್ದೇ ವ್ಯಾಪಾರಕ್ಕೆ. ತೋಟದ ಬ್ರಿಟಿಷರು 1903ರಾಗೆ ಟೀ ಮ್ಯಾಲೆ ಸೆಸ್ ಹಾಕಿಸ್ಕಂಡು, ಆ ದುಡ್ಡಿನಾಗೆ ಪ್ರಚಾರ ಮಾಡಿ ಮಾಡಿ ನಮ್ ಜನಕ್ಕೆ ರುಚಿ ಹತ್ತಿಸಿದ್ರು. ಅಂಥದ್ದಕ್ಕೆ ಮುತ್ತೈದೆ ಯಾರು, ಅಲ್ದೋರು ಯಾರು ಅಂತ ನಾವ್ಯಾಕೆ ಲೆಕ್ಕ ಹಾಕ್ಬೇಕು?

ಲೆಕ್ಕ ಹಾಕೋ ಬುದ್ಧಿ ಟೀಗೂ ಬಂದೈತೆ, ಅದೇ ನಂಗೆ ಸಂಕಟ. ಶೇಂಗಾ ಬಿಡಿಸಾಕೆ ಬರೋ ಅವ್ವಂದಿರಿಗೆ ಅಂತ ಹಿತ್ತಲ ಗೂಡಿನಾಗೆ ಬ್ಯಾರೆ ಲೋಟ ಇಡೋ ಮನೆಗಳು ಈಗ್ಲೂ ಅವೆ. ಹೋಟ್ಲಾಗೆ ಜಾತಿ ನೋಡಿ ಬ್ಯಾರೆ ಮಾಡೋದು ಅಪರಾಧ ಅಂತ 1955ರಾಗೇ ಕಾನೂನು ಬಂತು. ನಮ್ಮ ಹಿತ್ತಲ ಗೂಡು ನೋಡಾಕೆ ಯಾವ ಪೊಲೀಸ್ನೋರೂ ಬರಲ್ಲ. ಆ ಲೋಟ ಇಟ್ಟೋರು ನಾವೇ, ತೆಗೀಬೇಕಾದೋರೂ ನಾವೇ.

“ನಾವು ಕುಂತ್ರೆ ಕೆಲ್ಸ ಯಾರು ಮಾಡ್ತಾರೆ?” ಅಂತ ಅತ್ತಿಗೆ ಕೇಳ್ತಾರೆ. ಅರ್ಧ ಗಂಟೆ ಯಾರೂ ಮಾಡೋದು ಬ್ಯಾಡ ಬಿಡ್ರಿ ಅತ್ತಿಗೆ. ಗಂಡಸ್ರು ಬಸ್ ಸ್ಟ್ಯಾಂಡ್ ಹೋಟ್ಲಾಗೆ ಗಂಟೆಗಟ್ಲೆ ಕುಂತ್ರೂ ಮನೆ ನಡೀತಾನೇ ಐತೆ.

ಬರೋ ಶುಕ್ರವಾರ ನಾಕು ಗಂಟೆಗೆ ನಮ್ಮನೆ ಜಗಲಿಗೆ ಬರ್ರಿ. ಮೂಲೆಮನೆ ದೊಡ್ಡವ್ವಗೂ, ಶೇಂಗಾ ಬಿಡಿಸೋ ಅವ್ವಂದಿರಿಗೂ ಆಗ್ಲೇ ಹೇಳಿ ಬಂದೀನಿ. ಮಂಡಕ್ಕಿ ನಂದು, ಮೆಣಸಿನಕಾಯಿ ಯಾರಾದ್ರೂ ಕರ್ಕಂಡು ಬರ್ರಿ. ಲೋಟ ಹನ್ನೆರಡು ಅವೆ, ಎಲ್ಲಾ ಒಂದೇ ಸೆಟ್ಟಿನವು. ಕುಡಿದೋರು ಅವ್ರವರ ಲೋಟ ತೊಳೆದಿಟ್ಟು ಹೋಗ್ರಿ.