ನಿರ್ದೇಶಾಂಕ ಕಲಿಸಲು ಡಿಜಿಟಲ್ ಆಟ ಬೇಕೆ?

9ನೇ ತರಗತಿಯಲ್ಲಿ ಅಕ್ಷಗಳಿಂದ ಶುರುವಾಗುವ ನಿರ್ದೇಶಾಂಕ ರೇಖಾಗಣಿತ 10ನೇ ತರಗತಿಗೆ ಬರುವಾಗ ದೂರದ ಸೂತ್ರ, ಭಾಗ ಪ್ರಮಾಣ ಸೂತ್ರಗಳನ್ನು ಮುಟ್ಟುತ್ತದೆ. ಕಾರ್ಕಳದ ಪ್ರೌಢಶಾಲೆಗಳ ಮಕ್ಕಳಿಗೆ ಇದನ್ನು ಕಂಪ್ಯೂಟರಿನಲ್ಲಿ ಆಡಿಸಿ ಕಲಿಸಬೇಕೆ?

ಪರ: ತಪ್ಪು ಆಗಲೇ ಗೊತ್ತಾಗುತ್ತದೆ

ಈ ಪಾಠದಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಅಂಕೆಗಳ ಕ್ರಮದಲ್ಲಿ, ಋಣ ಚಿಹ್ನೆಯಲ್ಲಿ. (−3, 4) ಇರಬೇಕಾದಲ್ಲಿ (4, −3) ಗುರುತಿಸಿದ್ದು ಟೀಚರ್ ಪುಸ್ತಕ ತಿದ್ದಿದಾಗಲೇ ತಿಳಿಯುವುದು. ಅಷ್ಟರಲ್ಲಿ ಮುಂದಿನ ಪಾಠ ಶುರುವಾಗಿರುತ್ತದೆ. ಆಟದಲ್ಲಿ ಗುರಿ ತಪ್ಪಿದ್ದು ಆ ಕ್ಷಣವೇ ಕಾಣುತ್ತದೆ. ಗಣಿತ ತಂತ್ರಾಂಶ ಡೆಸ್ಮೋಸ್‌ನ ‘ಮಾರ್ಬಲ್‌ಸ್ಲೈಡ್ಸ್’ ಆಟದಲ್ಲಿ ಬರೆದ ಸಮೀಕರಣವೇ ಜಾರುಬಂಡೆ, ಗೋಲಿ ಅದರ ಮೇಲೆ ಉರುಳಿ ನಕ್ಷತ್ರಗಳನ್ನು ಮುಟ್ಟಬೇಕು. ಎಕ್ಸ್‌ನ ಸಹಗುಣಕ ಹೆಚ್ಚಿಸಿದಂತೆ ರೇಖೆ ಕಡಿದಾಗುವುದನ್ನು ಕಂಡವರಿಗೆ ಇಳಿಜಾರನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ನಮ್ಮೂರಿನ ಆಟವನ್ನೂ ಕಟ್ಟಬಹುದು. 1586ರ ಚತುರ್ಮುಖ ಬಸದಿ ನಾಲ್ಕೂ ದಿಕ್ಕಿಗೆ ಒಂದೇ ತೆರ. ಅದರ ನಡುವನ್ನು ಮೂಲಬಿಂದುವಾಗಿಸಿ ಜಿಯೋಜೀಬ್ರಾ ತಂತ್ರಾಂಶದಲ್ಲಿ ನಕ್ಷೆ ಹಾಕಿ. (3, 2)ರಲ್ಲಿ ಒಂದು ಕಂಬವಿದೆ ಎಂದುಕೊಂಡರೆ, ಉಳಿದ ಮೂರು ಚತುರ್ಥಕಗಳಲ್ಲಿ ಅದರ ಜೋಡಿಗಳನ್ನು ಹುಡುಕುವುದೇ ಆಟ. ಜಿಯೋಜೀಬ್ರಾ ಶಾಲೆಗಳಿಗೆ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ.

ವಿರೋಧ: ಅಂದಾಜು ಹೊಡೆದರೂ ಗೆಲ್ಲಬಹುದು

ತಪ್ಪು ಕೂಡಲೇ ಕಾಣುವುದೇ ಇಲ್ಲಿನ ತೊಡಕು. 2 ಹಾಕಿದರೆ ಆಗಲಿಲ್ಲ, 3 ಹಾಕಿದರೂ ಆಗಲಿಲ್ಲ, 4 ಹಾಕಿದಾಗ ನಕ್ಷತ್ರ ಸಿಕ್ಕಿತು. 4 ಏಕೆ ಎಂದು ಆಟ ಕೇಳುವುದಿಲ್ಲ. ದೂರದ ಸೂತ್ರ ಹುಟ್ಟುವುದು ಪೈಥಾಗೊರಸ್ ಪ್ರಮೇಯದಿಂದ, ಭಾಗ ಪ್ರಮಾಣ ಸೂತ್ರ ಸಮರೂಪ ತ್ರಿಭುಜಗಳಿಂದ. ಲಂಬ ಎಳೆದು, ತ್ರಿಭುಜ ಗುರುತಿಸಿ, ಹಂತ ಹಂತವಾಗಿ ಬರೆದವರಿಗಷ್ಟೇ ಅವು ದಕ್ಕುತ್ತವೆ. ಎಸ್‌ಎಸ್‌ಎಲ್‌ಸಿಯ 80 ಅಂಕಗಳ ಲಿಖಿತ ಪರೀಕ್ಷೆ ಕೇಳುವುದೂ ಆ ಹಂತಗಳನ್ನೇ.

ಬಸದಿಯ ನಾಲ್ಕು ಕಂಬಗಳಿಗೆ ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಅಂಗಳದಲ್ಲಿ ಸುಣ್ಣದಿಂದ ಅಕ್ಷ ಎಳೆದು ಮಕ್ಕಳನ್ನೇ ಬಿಂದುಗಳಾಗಿ ನಿಲ್ಲಿಸಿದರೆ ಇಡೀ ತರಗತಿ ಆಡುತ್ತದೆ. ಮಳೆ ಬಂದರೆ ಜಗಲಿಯ ಟೈಲ್ಸೇ ಗ್ರಾಫ್. ಕಂಪ್ಯೂಟರ್ ಮುಂದೆ ಮೌಸ್ ಹಿಡಿದವರು ಆಡುತ್ತಾರೆ, ಉಳಿದವರು ಇಣುಕುತ್ತಾರೆ. ಘಟ್ಟದ ಬುಡದ ಈ ಊರಲ್ಲಿ ಜುಲೈ ಗಾಳಿಮಳೆಗೆ ಕರೆಂಟು ಹೋದರಂತೂ ಆ ಪೀರಿಯಡ್ಡೂ ಹೋದಂತೆ.

ಆಡಿಸಲೇಬೇಕೆಂದರೆ ಒಂದು ಷರತ್ತು: ಬಿಂದು ಎಲ್ಲಿ ಬೀಳುತ್ತದೆ, ಏಕೆ ಎಂಬುದನ್ನು ಮಗು ಮೊದಲು ನೋಟ್ಸಿನಲ್ಲಿ ಬರೆಯಲಿ, ಆಮೇಲೆ ಕೀಲಿ ಒತ್ತಲಿ.